ಸನಾಗಾ ನದಿಯ ದಡದಲ್ಲಿ ಶಿಲುಬೆ ಮತ್ತು ಪೂರ್ವಜರು

ಒಂದು ಜನಾಂಗ ತನ್ನ ಹಳೆಯ ಧರ್ಮವನ್ನು ಬಿಟ್ಟು ಹೊಸ ಧರ್ಮಕ್ಕೆ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇದು ಬಲವಂತದಿಂದ ಆದದ್ದೋ, ಆಮಿಷದಿಂದ ಆದದ್ದೋ? ಮತಾಂತರವನ್ನು ವಿರೋಧಿಸುವವರಿಗೆ ಇವೆರಡರಲ್ಲಿ ಯಾವುದಾದರೊಂದು ಉತ್ತರ ಸಾಕು. ಧರ್ಮಪ್ರಚಾರಕರ ಬಳಿ ಇನ್ನೊಂದು ಉತ್ತರವಿರುತ್ತದೆ: 'ಸತ್ಯ ಗೆದ್ದಿತು'. ಈ ಮೂರೂ ಉತ್ತರಗಳಲ್ಲಿ ಒಂದು ಸಮಾನ ದೋಷವಿದೆ. ಮೂರರಲ್ಲೂ ಮತಾಂತರಗೊಂಡ ಮನುಷ್ಯನಿಗೆ ಮಾತಿಲ್ಲ. ಅವನನ್ನು ಯಾರೋ ಹೆದರಿಸಿದರು, ಯಾರೋ ಕೊಂಡರು ಅಥವಾ ಯಾರೋ ಉದ್ಧರಿಸಿದರು. ಅವನಾಗಿ ಏನು ಯೋಚಿಸಿದ, ಹಳೆಯ ಮನೆಯಿಂದ ಹೊಸ ಮನೆಗೆ ಏನನ್ನು ಹೊತ್ತು ತಂದ, ಏನನ್ನು ಬಿಟ್ಟು ಬಂದ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ಹಿಡಿದು ನಾವು ಮಧ್ಯ ಆಫ್ರಿಕದ ಕ್ಯಾಮರೂನ್ ದೇಶದತ್ತ ಒಮ್ಮೆ ಕಣ್ಣು ಹಾಯಿಸೋಣ. ಅಲ್ಲಿನ ಸನಾಗಾ ನದಿಯ ಎರಡೂ ದಡಗಳಲ್ಲಿ ಬದುಕುವ ತುಕಿ ಜನ ಮತ್ತು ಅವರ ನೆರೆಯ ಬೇತಿ ಜನಾಂಗಗಳ ಬಹುಭಾಗ ಹೆಚ್ಚುಕಡಿಮೆ ಎರಡು ತಲೆಮಾರುಗಳ ಅವಧಿಯಲ್ಲಿ ಕ್ರೈಸ್ತರಾದರು. ಆದರೆ ಅವರ ಹಳೆಯ ಧರ್ಮ ಸತ್ತಿತೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

ನದಿ ಮತ್ತು ಜನ

ಸನಾಗಾ ಕ್ಯಾಮರೂನಿನ ಅತ್ಯಂತ ಉದ್ದದ ನದಿ. ಅಡಮಾವಾ ಪ್ರಸ್ಥಭೂಮಿಯ ಕಡೆಯಿಂದ ಇಳಿದು, 900 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ರಾಜಧಾನಿ ಯವೂಂಡೆಯ ಉತ್ತರಕ್ಕೆ ಎಂಬಾಮ್ ಎಂಬ ಉಪನದಿ ಅದನ್ನು ಕೂಡಿಕೊಳ್ಳುತ್ತದೆ. ಇಲ್ಲಿಂದ ದಕ್ಷಿಣಕ್ಕೆ ದಟ್ಟ ಕಾಡು, ಉತ್ತರಕ್ಕೆ ಹುಲ್ಲುಗಾವಲು. ಕಾಡು ಮತ್ತು ಹುಲ್ಲುಗಾವಲು ಸೇರುವ ಈ ಸ್ಥಳದಲ್ಲಿ, ಎನ್ತುಯಿ ಪಟ್ಟಣದ ಸುತ್ತಮುತ್ತ, ತುಕಿ ಭಾಷೆಯನ್ನಾಡುವ ಸಣ್ಣ ಸಣ್ಣ ಗುಂಪುಗಳಿವೆ. ಇವರೆಲ್ಲ ಸೇರಿದರೂ ಸಂಖ್ಯೆ ಕೆಲವು ಹತ್ತು ಸಾವಿರಗಳಷ್ಟೇ. ಬಾಂಟು ಕುಟುಂಬಕ್ಕೆ ಸೇರಿದ ಈ ಭಾಷೆಯ ವ್ಯಾಕರಣದ ಕುರಿತು ಕ್ಯಾಮರೂನಿನ ಭಾಷಾಶಾಸ್ತ್ರಜ್ಞ ಎಡ್ಮಂಡ್ ಬಿಲೋವಾ ಬರೆದ ಅಧ್ಯಯನಗಳಿಂದಾಗಿ ಹೊರಗಿನ ವಿದ್ವಾಂಸರಿಗೂ ತುಕಿ ಎಂಬ ಹೆಸರು ಪರಿಚಿತವಾಯಿತು.

ತುಕಿಗಳ ದಕ್ಷಿಣಕ್ಕೆ ಎವೊಂಡೊ, ಎತೊನ್ ಮೊದಲಾದ ಗುಂಪುಗಳಿವೆ. ಇವರನ್ನೆಲ್ಲ ಒಟ್ಟಾಗಿ ಬೇತಿ ಎಂದು ಕರೆಯುತ್ತಾರೆ. ತಮ್ಮ ಪೂರ್ವಜರು ಉತ್ತರದ ಶತ್ರುಗಳಿಂದ ತಪ್ಪಿಸಿಕೊಂಡು ಒಂದು ಮಹಾಸರ್ಪದ ಬೆನ್ನಿನ ಮೇಲೆ ನಡೆದು ಸನಾಗಾ ನದಿಯನ್ನು ದಾಟಿದರು ಎಂಬುದು ಬೇತಿಗಳ ಪ್ರಸಿದ್ಧ ಐತಿಹ್ಯ.

ಈ ಐತಿಹ್ಯದ ಹಿಂದಿರುವ ಭಯ ಕಟ್ಟುಕಥೆಯಲ್ಲ. 1804ರಲ್ಲಿ ಹೌಸಾ ನಾಡಿನಲ್ಲಿ ಉಸ್ಮಾನ್ ದಾನ್ ಫೋದಿಯೊ ಆರಂಭಿಸಿದ ಚಳವಳಿಯಿಂದ ಹುಟ್ಟಿದ ಫುಲಾನಿ ಸಂಸ್ಥಾನಗಳು ಅಡಮಾವಾದವರೆಗೂ ಹರಡಿದವು. ಧರ್ಮ ಸುಧಾರಣೆಯ ಹೆಸರಿನಲ್ಲಿ ಶುರುವಾದದ್ದು ಗಡಿನಾಡುಗಳಿಗೆ ಬರುವಾಗ ಗುಲಾಮರ ಬೇಟೆಯಾಗಿತ್ತು. ಈ ಒತ್ತಡಕ್ಕೆ ಸಿಕ್ಕಿದ ವೂಟೆ ಜನರು ದಕ್ಷಿಣಕ್ಕೆ ಸರಿದು, ತಾವೇ ಸನಾಗಾ ತೀರದ ಹಳ್ಳಿಗಳ ಮೇಲೆ ದಾಳಿ ಮಾಡಿ ಸೆರೆ ಹಿಡಿದವರನ್ನು ಉತ್ತರಕ್ಕೆ ಮಾರತೊಡಗಿದರು. ಇದನ್ನು ಮುಚ್ಚಿಟ್ಟು ಈ ಪ್ರದೇಶದ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದ ಬಿಳಿಯರನ್ನು ಇಲ್ಲಿನ ಜನ ಹೇಗೆ ಕಂಡರು ಎಂಬುದು ಅರ್ಥವಾಗಬೇಕಾದರೆ ಈ ಹಿನ್ನೆಲೆ ತಿಳಿದಿರಬೇಕು.

ತುಕಿಗಳ ಧಾರ್ಮಿಕ ಚರಿತ್ರೆಯನ್ನು ಬೇತಿಗಳ ಚರಿತ್ರೆಯಿಂದ ಪ್ರತ್ಯೇಕಿಸಿ ಹೇಳುವುದು ಕಷ್ಟ. ಕ್ರೈಸ್ತ ಧರ್ಮ ಈ ಭಾಗಕ್ಕೆ ಹರಡಿದ್ದು ಯವೂಂಡೆಯನ್ನು ಕೇಂದ್ರವಾಗಿಟ್ಟುಕೊಂಡು. ಎವೊಂಡೊ ಭಾಷೆಯೇ ಸುತ್ತಲಿನ ನಾಡಿಗೆಲ್ಲ ಮಿಷನ್ನಿನ ಭಾಷೆಯಾಯಿತು. ಆದ್ದರಿಂದ ಇಲ್ಲಿ ನಾವು ಹೆಚ್ಚಾಗಿ ಬೇತಿಗಳ ಅನುಭವವನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ.

ಹಳೆಯ ಧರ್ಮದಲ್ಲಿ ಏನಿತ್ತು?

ಬೇತಿಗಳಿಗೆ ದೇವಾಲಯವಿರಲಿಲ್ಲ. ಮೂರ್ತಿಪೂಜೆ ಮಾಡುವ ಅರ್ಚಕ ವರ್ಗವಾಗಲಿ, ಗ್ರಂಥವಾಗಲಿ ಇರಲಿಲ್ಲ. ಹೀಗಾಗಿ ಮೊದಲು ಬಂದ ಯುರೋಪಿಯನ್ನರಲ್ಲಿ ಅನೇಕರಿಗೆ ಇವರಿಗೆ ಧರ್ಮವೇ ಇಲ್ಲ ಎಂದು ತೋರಿತು. ಆದರೆ ಅವರಿಗೆ ಜಾಂಬಾ ಎಂಬ ಸೃಷ್ಟಿಕರ್ತನ ಕಲ್ಪನೆಯಿತ್ತು. ಜಾಂಬಾ ದೂರದವನು, ನಿತ್ಯದ ಬದುಕಿನಲ್ಲಿ ಅವನಿಗೆ ಪೂಜೆಯಿಲ್ಲ. ನಿತ್ಯದ ಬದುಕಿಗೆ ಹತ್ತಿರವಾಗಿದ್ದವರು ಸತ್ತ ಹಿರಿಯರು. ಹಿರಿಯರ ತಲೆಬುರುಡೆಗಳನ್ನು ಜೋಪಾನವಾಗಿಟ್ಟು, ಸಂಕಟದ ಹೊತ್ತಿನಲ್ಲಿ ಅವರ ಮೊರೆ ಹೋಗುವ ಮೆಲಾನ್ ಎಂಬ ಆಚರಣೆಯಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು 'ಸೋ' ಎಂಬ ವಿಧಿ. ಸೋ ಎಂದರೆ ಕಾಡಿನ ಒಂದು ಜಾತಿಯ ಜಿಂಕೆಯ ಹೆಸರು. ಈ ವಿಧಿ ಹುಡುಗರನ್ನು ಗಂಡಸರನ್ನಾಗಿ ಮಾಡುವ ದೀಕ್ಷೆಯಾಗಿತ್ತು. ಹುಡುಗರು ಊರು ಬಿಟ್ಟು ಕಾಡಿನಲ್ಲಿ ತಿಂಗಳುಗಟ್ಟಲೆ ಇರಬೇಕು, ನೋವು ಮತ್ತು ಭಯದ ಪರೀಕ್ಷೆಗಳನ್ನು ದಾಟಬೇಕು, ನೆಲದಡಿಯ ಸುರಂಗವೊಂದರಲ್ಲಿ ಹಾದು ಸತ್ತು ಹುಟ್ಟಿದವರಂತೆ ಹೊರಬರಬೇಕು. ಅಲ್ಲಿಯವರೆಗೆ ಅವರಿಗೆ ಆ ಜಿಂಕೆಯ ಮಾಂಸ ನಿಷಿದ್ಧ, ಹಿರಿಯರ ಸಭೆಯಲ್ಲಿ ಸ್ಥಾನವಿಲ್ಲ.

ಆದರೆ ಸೋ ವಿಧಿಯ ಇನ್ನೊಂದು ಮುಖವನ್ನು ಗಮನಿಸಬೇಕು. ಅದನ್ನು ಏರ್ಪಡಿಸುತ್ತಿದ್ದವನು ಸಾಮಾನ್ಯವಾಗಿ ಗಂಭೀರ ತಪ್ಪೊಂದರ ಹೊರೆ ಹೊತ್ತ ಮನುಷ್ಯ. ಸ್ವಂತ ರಕ್ತಸಂಬಂಧಿಯ ಸಾವಿಗೆ ಕಾರಣನಾದವನು ಅಥವಾ ದೊಡ್ಡ ನಿಷೇಧವೊಂದನ್ನು ಮುರಿದವನು ತನ್ನ ತಪ್ಪನ್ನು ಒಪ್ಪಿಕೊಂಡು, ಇಡೀ ಊರಿಗೆ ತಿಂಗಳುಗಟ್ಟಲೆ ಉಣಬಡಿಸಿ ಸೋ ನಡೆಸಬೇಕಿತ್ತು. ಇಂಥ ತಪ್ಪಿಗೆ ಅವರ ಭಾಷೆಯಲ್ಲಿ 'ಎನ್ಸೆಮ್' ಎಂದು ಹೆಸರು. ಒಬ್ಬನ ಎನ್ಸೆಮ್ ಇಡೀ ಕುಲದ ಮೇಲೆ ರೋಗವಾಗಿ, ಬಂಜೆತನವಾಗಿ, ಸಾವಾಗಿ ಬೀಳುತ್ತದೆ ಎಂಬುದು ನಂಬಿಕೆ. ಒಬ್ಬನ ತಪ್ಪಿಗೆ ಪ್ರಾಯಶ್ಚಿತ್ತ, ಹೊಸ ತಲೆಮಾರಿಗೆ ದೀಕ್ಷೆ - ಇವೆರಡೂ ಒಂದೇ ವಿಧಿಯಲ್ಲಿ ನೆರವೇರುತ್ತಿದ್ದವು.

ಹೆಂಗಸರಿಗೆ ಅವರದೇ ಆದ 'ಮೆವುಂಗು' ಎಂಬ ಗುಪ್ತ ಆಚರಣೆಯಿತ್ತು. ಬೆಳೆ ಬಾರದಿದ್ದಾಗ, ಬೇಟೆ ಸಿಗದಿದ್ದಾಗ, ಊರಿಗೆ ಕೇಡು ತಟ್ಟಿದಾಗ ಗಂಡಸರೇ ಹೋಗಿ ಅದನ್ನು ನಡೆಸುವಂತೆ ಹೆಂಗಸರನ್ನು ಕೇಳಿಕೊಳ್ಳುತ್ತಿದ್ದರು. ಗಂಡಸರ ಆಳ್ವಿಕೆಯ ಆ ಸಮಾಜದಲ್ಲಿ ಹೆಂಗಸರ ಶಕ್ತಿಗೆ ಮನ್ನಣೆ ಸಿಗುತ್ತಿದ್ದ ಜಾಗ ಅದು.

ಇವೆಲ್ಲದರ ಕೆಳಗೆ 'ಎವು' ಎಂಬ ಭಯವಿತ್ತು. ಎವು ಎಂದರೆ ಕೆಲವು ಮನುಷ್ಯರ ಹೊಟ್ಟೆಯೊಳಗೆ ವಾಸಿಸುವ ಒಂದು ಶಕ್ತಿ. ಅದು ಮನುಷ್ಯನಿಗೆ ಸಂಪತ್ತು, ಮಾತುಗಾರಿಕೆ, ನಾಯಕತ್ವ ಕೊಡಬಲ್ಲದು. ಬಂಧುಗಳನ್ನು ಗುಟ್ಟಾಗಿ ತಿಂದುಹಾಕಲೂಬಲ್ಲದು. ಎವು ಮೊದಲು ಕಾಡಿನಲ್ಲಿತ್ತು, ಒಬ್ಬ ಹೆಂಗಸು ಅದನ್ನು ಹೊಟ್ಟೆಯೊಳಗಿಟ್ಟು ಊರಿಗೆ ತಂದಳು, ಅದು ಮೊದಲು ಆಡುಗಳನ್ನು, ಆಮೇಲೆ ಮಕ್ಕಳನ್ನು ಬೇಡಿತು, ಅಂದಿನಿಂದ ಸಾವು ಬಂತು ಎಂದು ಅವರ ಕಥೆ ಹೇಳುತ್ತದೆ.

ಮಿಷನರಿಗಳ ಆಗಮನ

ಕ್ಯಾಮರೂನಿನ ಕರಾವಳಿಗೆ 1840ರ ದಶಕದಲ್ಲೇ ಬ್ಯಾಪ್ಟಿಸ್ಟ್ ಮಿಷನರಿಗಳು ಬಂದಿದ್ದರು. ಅವರಲ್ಲಿ ಜೋಸೆಫ್ ಮೆರಿಕ್‌ನಂಥ ಜಮೈಕಾದ ಕರಿಯರೂ ಇದ್ದರು. ಇಂಗ್ಲಿಷ್ ಬ್ಯಾಪ್ಟಿಸ್ಟ್ ಆಲ್ಫ್ರೆಡ್ ಸೇಕರ್ 1872ರ ವೇಳೆಗೆ ದುಆಲಾ ಭಾಷೆಗೆ ಇಡೀ ಬೈಬಲನ್ನು ಅನುವಾದಿಸಿದ್ದ. 1884ರ ಜುಲೈಯಲ್ಲಿ ದುಆಲಾ ಅರಸರೊಡನೆ ಒಪ್ಪಂದ ಮಾಡಿಕೊಂಡ ಜರ್ಮನಿ ಈ ಕರಾವಳಿಯನ್ನು ತನ್ನ ವಸಾಹತು ಎಂದು ಘೋಷಿಸಿತು. ಆಮೇಲೆ ಬ್ಯಾಪ್ಟಿಸ್ಟರ ಜಾಗಕ್ಕೆ ಬಂದದ್ದು ಬಾಸೆಲ್ ಮಿಷನ್.

ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದು, ಹಂಚಿನ ಕಾರ್ಖಾನೆ, ಮುದ್ರಣಾಲಯಗಳನ್ನು ಸ್ಥಾಪಿಸಿ, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ, 1894ರಲ್ಲಿ ಕಿಟ್ಟೆಲ್ ಅವರ ನಿಘಂಟನ್ನು ಪ್ರಕಟಿಸಿದ ಬಾಸೆಲ್ ಮಿಷನ್ನೇ 1886ರಲ್ಲಿ ಕ್ಯಾಮರೂನಿಗೂ ಹೋಯಿತು. ಮೊದಲ ಮಹಾಯುದ್ಧ ಬಂದಾಗ ಎರಡೂ ಕಡೆ ಬ್ರಿಟಿಷರು ಮತ್ತು ಅವರ ಮಿತ್ರರು ಮಿಷನ್ನಿನ ಜರ್ಮನ್ನರನ್ನು ಸೆರೆಹಿಡಿದು ಹೊರಗಟ್ಟಿದರು. ಜನರ ಭಾಷೆಯನ್ನು ಕಲಿಯದೆ ಅವರ ಮನಸ್ಸನ್ನು ಮುಟ್ಟಲಾಗದು ಎಂಬ ನಂಬಿಕೆಯೂ ಎರಡೂ ಕಡೆ ಒಂದೇ ಆಗಿತ್ತು.

ಒಳನಾಡಿಗೆ ಬಂದವರು ಮಾತ್ರ ಕ್ಯಾಥೊಲಿಕರು. ಜರ್ಮನಿಯ ಪಲ್ಲೋಟೈನ್ ಸಭೆಯ ಹೈನ್ರಿಶ್ ಫೀಟರ್ ಮತ್ತು ಸಂಗಡಿಗರು 1890ರ ಅಕ್ಟೋಬರಿನಲ್ಲಿ ಕ್ಯಾಮರೂನಿಗೆ ಬಂದಿಳಿದು, ಸನಾಗಾ ನದಿಯ ಕೆಳಭಾಗದಲ್ಲಿ ಮರೀನ್‌ಬರ್ಗ್ ಎಂಬ ಮೊದಲ ಮಿಷನ್ ಕೇಂದ್ರವನ್ನು ತೆರೆದರು. ಅದಕ್ಕಿಂತ ಒಂದೆರಡು ವರ್ಷ ಮೊದಲೇ ಜರ್ಮನ್ ಸೈನಿಕ ಠಾಣೆ ಯವೂಂಡೆಯಲ್ಲಿ ತಲೆಯೆತ್ತಿತ್ತು. 1899ರಲ್ಲಿ ಜರ್ಮನ್ ಸೇನೆ ವೂಟೆಗಳ ನಾಯಕ ಎನ್ಗಿಲಾನ ಕೋಟೆಯನ್ನು ಮುರಿಯಿತು. ಸನಾಗಾ ತೀರದ ಜನಕ್ಕೆ ಗುಲಾಮರ ಬೇಟೆಯ ಭಯ ತಪ್ಪಿತು; ಅದರ ಜಾಗಕ್ಕೆ ಹೊರೆ ಹೊರುವ ಬಿಟ್ಟಿ ಚಾಕರಿ, ತೆರಿಗೆ ಮತ್ತು ಚಾಟಿಯೇಟು ಬಂದವು. 1901ರಲ್ಲಿ ಫೀಟರ್ ಯವೂಂಡೆಯ ಮ್ವೋಲ್ಯೆ ಗುಡ್ಡದ ಮೇಲೆ ಮಿಷನ್ ಆರಂಭಿಸಿದರು.

ಹೀಗೆ ಶಿಲುಬೆ ಬಂದದ್ದು ಬಂದೂಕಿನ ಹಿಂದೆಯೇ. ಇದರಲ್ಲಿ ಸಂಶಯವಿಲ್ಲ. ಆದರೆ ಬಂದೂಕೊಂದೇ ಜನರನ್ನು ಇಗರ್ಜಿಗೆ ತಂದಿತೆಂದು ಹೇಳಿದರೆ, ಬಂದೂಕು ಹಿಡಿದ ಜರ್ಮನ್ನರು ಸೋತು ಓಡಿಹೋದ ಮೇಲೆ ಇಗರ್ಜಿ ಏಕೆ ತುಂಬಿತು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಪದಗಳ ಸಾಲ

ಬೇತಿಗಳಿಗೆ ಧರ್ಮವೇ ಇಲ್ಲ ಎಂದುಕೊಂಡು ಬಂದವರಿಗೆ ಉಪದೇಶ ಮಾಡಲು ಹೊರಟಾಗ ಬೇಕಾದದ್ದೆಲ್ಲವೂ ಬೇತಿಗಳ ಧರ್ಮದಲ್ಲೇ ಸಿಕ್ಕಿತು. ದೇವರಿಗೆ ಜಾಂಬಾ ಎಂದರು. ಪಾಪಕ್ಕೆ ಎನ್ಸೆಮ್ ಎಂದರು. ಎವುವನ್ನು ಊರಿಗೆ ತಂದ ಹೆಂಗಸಿನ ಕಥೆ ಹವ್ವಾಳ ಕಥೆಯ ಪಕ್ಕದಲ್ಲಿ ಬಂದು ನಿಂತಿತು. ಎವು ಸೈತಾನನ ಹತ್ತಿರದ ಸಂಬಂಧಿಯಾಯಿತು.

ಈ ಪದಗಳ ಸಾಲದಿಂದ ಎರಡೂ ಕಡೆ ಬದಲಾವಣೆ ಆಯಿತು. ದೂರದಲ್ಲಿದ್ದ ಜಾಂಬಾ ಈಗ ಹತ್ತಿರ ಬಂದ. ಅವನಿಗೆ ಪ್ರಾರ್ಥನೆ ಸಲ್ಲಿಸಬಹುದು, ಅವನು ಕ್ಷಮಿಸುತ್ತಾನೆ ಎಂದು ಜನ ಕೇಳಿದರು. ಆದರೆ ಎನ್ಸೆಮ್ ಎಂಬ ಪದ ಕಿವಿಗೆ ಬಿದ್ದಾಗ ಬೇತಿ ರೈತನಿಗೆ ನೆನಪಾಗುತ್ತಿದ್ದುದು ಆತ್ಮದ ಮೇಲಿನ ಕಲೆಯಷ್ಟೇ ಅಲ್ಲ. ಮಗುವಿನ ಜ್ವರ, ಹೆಂಡತಿಯ ಗರ್ಭಪಾತ, ಒಣಗಿದ ತೋಟ ಕೂಡ. ಪಾದ್ರಿ ಪರಲೋಕದ ಮಾತಾಡುತ್ತಿದ್ದರು. ಕೇಳುಗ ಇಹದ ಪರಿಹಾರವನ್ನೂ ಅದರಲ್ಲಿ ಕಾಣುತ್ತಿದ್ದ.

ಈ ಭಾಷಾಕಾರ್ಯದಲ್ಲಿ ಸ್ಥಳೀಯರ ಪಾಲು ದೊಡ್ಡದು. ಕ್ರಿಬಿಯ ಮಿಷನ್ ಶಾಲೆಯಲ್ಲಿ ಓದಿ, ಮುಂದೆ ಎವೊಂಡೊ ಜನರ ಪರಮ ಮುಖಂಡನೆನಿಸಿದ ಕಾರ್ಲ್ ಅತಂಗಾನಾ 1911ರಿಂದ ಸುಮಾರು ಎರಡು ವರ್ಷ ಹ್ಯಾಂಬರ್ಗಿನ ವಸಾಹತು ಸಂಸ್ಥೆಯಲ್ಲಿ ಜರ್ಮನ್ನರಿಗೆ ಎವೊಂಡೊ ಕಲಿಸಿದ. ಅವನು ಹೇಳಿದ, ಬರೆದ ಪಠ್ಯಗಳನ್ನು ಮಾರ್ಟಿನ್ ಹೇಪೆ ಎಂಬ ವಿದ್ವಾಂಸ 1919ರಲ್ಲಿ ಪ್ರಕಟಿಸಿದ.

ಈ ಕಥೆಯಲ್ಲಿ ತುಕಿಗಳಂಥ ಸಣ್ಣ ಜನಾಂಗಗಳಿಗೆ ಆದ ನಷ್ಟವನ್ನೂ ಹೇಳಬೇಕು. ಮಿಷನ್ ಎವೊಂಡೊವನ್ನು ಆರಿಸಿಕೊಂಡಿದ್ದರಿಂದ ಜಪ, ಹಾಡು, ಧರ್ಮೋಪದೇಶ ಎಲ್ಲವೂ ಸುತ್ತಲಿನವರಿಗೆ ನೆರೆಮನೆಯ ಭಾಷೆಯಲ್ಲಿ ಬಂದವು. ಮನೆಯಲ್ಲಿ ಒಂದು ಭಾಷೆ, ದೇವರ ಮುಂದೆ ಇನ್ನೊಂದು. ಮನೆಮಾತು ಬೇರೆ, ಮಸೀದಿ ಅಥವಾ ಮಂದಿರದ ಭಾಷೆ ಬೇರೆ ಇರುವ ನಮ್ಮ ಓದುಗರಿಗೆ ಈ ಅನುಭವವನ್ನು ವಿವರಿಸಬೇಕಾಗಿಲ್ಲ.

ಇಗರ್ಜಿ ಏಕೆ ತುಂಬಿತು?

1916ರ ಆರಂಭದಲ್ಲಿ ಜರ್ಮನ್ನರು ಯವೂಂಡೆ ಬಿಟ್ಟು ಸ್ಪೇನಿನ ಗಿನಿಗೆ ಹಿಮ್ಮೆಟ್ಟಿದರು. ಪಲ್ಲೋಟೈನ್ ಪಾದ್ರಿಗಳೂ ಹೊರಟುಹೋಗಬೇಕಾಯಿತು. ನಾಡಿನ ಬಹುಭಾಗ ಫ್ರೆಂಚರ ಕೈಗೆ ಬಂತು. ಫ್ರಾನ್ಸಿನ ಪವಿತ್ರಾತ್ಮ ಸಭೆಯ ಕೆಲವೇ ಪಾದ್ರಿಗಳು ಬಂದಾಗ ಮಿಷನ್ ಸತ್ತಿರಬಹುದು ಎಂಬ ಭಯವಿತ್ತು. ಆದರೆ ಅವರು ಕಂಡದ್ದು ಬೇರೆ. ಪಾದ್ರಿಗಳಿಲ್ಲದ ಕಾಲದಲ್ಲಿ ಸ್ಥಳೀಯ ಉಪದೇಶಿಗಳು ಹಳ್ಳಿ ಹಳ್ಳಿಯಲ್ಲಿ ಪ್ರಾರ್ಥನೆ ನಡೆಸುತ್ತ, ಅಕ್ಷರ ಕಲಿಸುತ್ತ ಸಭೆಯನ್ನು ಉಳಿಸಿದ್ದರು. 1920 ಮತ್ತು 1930ರ ದಶಕಗಳಲ್ಲಿ, ಧರ್ಮಾಧ್ಯಕ್ಷ ಫ್ರಾನ್ಸ್ವಾ ಕ್ಸಾವಿಯೇ ಫೋಗ್ಟ್ ಅವರ ಕಾಲದಲ್ಲಿ, ದಕ್ಷಿಣ ಕ್ಯಾಮರೂನಿನ ಕ್ಯಾಥೊಲಿಕರ ಸಂಖ್ಯೆ ಲಕ್ಷಗಳ ಲೆಕ್ಕಕ್ಕೆ ಏರಿತು. ಹಬ್ಬದ ಪೂಜೆಗೆ, ಪಾಪನಿವೇದನೆಗೆ ದಿನಗಟ್ಟಲೆ ನಡೆದು ಬರುವವರಿದ್ದರು.

ಇದಕ್ಕೆ ಕಾರಣಗಳು ಹಲವು. ಒಂದು, ಸೋ ವಿಧಿ ಅಷ್ಟರಲ್ಲಿ ನಿಂತುಹೋಗಿತ್ತು. ಆಡಳಿತಕ್ಕೆ ಅದು ಬೇಡವಾಗಿತ್ತು, ಪಾದ್ರಿಗಳಿಗೂ ಬೇಡವಾಗಿತ್ತು. ತೆರಿಗೆ ಮತ್ತು ಬಿಟ್ಟಿ ದುಡಿಮೆಯ ನಡುವೆ ಊರೆಲ್ಲ ತಿಂಗಳುಗಟ್ಟಲೆ ವಿಧಿಯಲ್ಲಿ ತೊಡಗುವಂತೆಯೂ ಇರಲಿಲ್ಲ. ಆದರೆ ತಪ್ಪಿನ ಹೊರೆ ಇಳಿಸಿಕೊಳ್ಳುವ ಅಗತ್ಯ ನಿಂತಿರಲಿಲ್ಲ. ಬೇತಿಗಳ ಬಗ್ಗೆ ಬಹುಕಾಲ ಅಧ್ಯಯನ ಮಾಡಿದ ಫ್ರೆಂಚ್ ಮಾನವಶಾಸ್ತ್ರಜ್ಞ ಫಿಲಿಪ್ ಲಬುರ್ತ್ ತೊಲ್ರಾ ಅವರ ಬರಹಗಳನ್ನು ಓದಿದರೆ ಪಾಪನಿವೇದನೆಯ ಪೀಠದ ಮುಂದೆ ಉದ್ದನೆಯ ಸಾಲು ಏಕಿತ್ತು ಎಂಬುದು ತಿಳಿಯುತ್ತದೆ. ತಪ್ಪೊಪ್ಪಿಕೊಂಡು ಶುದ್ಧನಾಗುವುದು ಅವರಿಗೆ ಮಿಷನ್ ಕಲಿಸಿದ ಪಾಠವಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು. ಊಟ ಹಾಕಿಸಲು ಶಕ್ತಿಯಿದ್ದ ಶ್ರೀಮಂತನಿಗಷ್ಟೇ ಸಾಧ್ಯವಾಗಿದ್ದ ಶುದ್ಧಿ ಈಗ ಬಡವನಿಗೂ ಸಿಗುವಂತಾಯಿತು.

ಎರಡು, ಮದುವೆ. ಹಳೆಯ ಸಮಾಜದಲ್ಲಿ ಶ್ರೀಮಂತ ಯಜಮಾನನಿಗೆ ಹತ್ತಾರು ಹೆಂಡತಿಯರು. ಹೆಂಡತಿಯರೇ ಹೊಲದ ದುಡಿಮೆ, ಹೊಲದ ದುಡಿಮೆಯೇ ಸಂಪತ್ತು. ಆಡಳಿತ ನೇಮಿಸಿದ ಮುಖಂಡರಲ್ಲಂತೂ ಕೆಲವರ ಮನೆಯಲ್ಲಿ ಹೆಂಡತಿಯರ ಸಂಖ್ಯೆ ನೂರನ್ನು ದಾಟಿತ್ತು. ತೆರ ಕೊಡಲಾರದ ಯುವಕರು ಮದುವೆಯಿಲ್ಲದೆ ಯಜಮಾನನ ಆಶ್ರಯದಲ್ಲೇ ಬಾಳಬೇಕಿತ್ತು. ಒಬ್ಬನಿಗೆ ಒಬ್ಬಳೇ ಹೆಂಡತಿ ಎಂಬ ಮಿಷನ್ನಿನ ನಿಯಮ ಯಜಮಾನರಿಗೆ ಕಹಿಯಾದಷ್ಟೇ ಈ ಯುವಕರಿಗೆ ಸಿಹಿಯಾಗಿತ್ತು. ಉಪದೇಶಿಗಳಾಗಿ ಮುಂದೆ ಬಂದವರಲ್ಲಿ ಇಂಥವರೇ ಹೆಚ್ಚು.

ಮೂರು, ಅಕ್ಷರ ಮತ್ತು ಆಸರೆ. ಫ್ರೆಂಚರ ಕಾಲದಲ್ಲಿ ದುಆಲಾ - ಯವೂಂಡೆ ರೈಲುಮಾರ್ಗಕ್ಕಾಗಿ ಸಾವಿರಾರು ಜನರನ್ನು ಹಿಡಿದೊಯ್ದು ದುಡಿಸಲಾಯಿತು. 1927ರಲ್ಲಿ ಯವೂಂಡೆ ಮುಟ್ಟಿದ ಆ ಹಳಿಗಳಿಗಾಗಿ, ಮುಖ್ಯವಾಗಿ ಎನ್ಜೋಕ್ ಎಂಬಲ್ಲಿನ ಸುರಂಗದ ಕೆಲಸದಲ್ಲಿ, ಸತ್ತವರು ಅನೇಕರು. ಇಂಥ ಆಡಳಿತದ ಎದುರು ಓದುಬರಹ ಬಲ್ಲವನಿಗೆ, ಮಿಷನ್ನಿನ ನೆರಳಿನಲ್ಲಿದ್ದವನಿಗೆ ಒಂದಿಷ್ಟು ಧೈರ್ಯವಿತ್ತು. ಇದನ್ನು ಆಮಿಷ ಎನ್ನುವುದಾದರೆ, ಮುಳುಗುತ್ತಿರುವವನು ಹಿಡಿದ ಮರದ ದಿಮ್ಮಿಯನ್ನೂ ಆಮಿಷ ಎನ್ನಬೇಕಾಗುತ್ತದೆ.

ಹೆಂಗಸರು ಪಡೆದದ್ದು, ಕಳೆದುಕೊಂಡದ್ದು

ಯಜಮಾನನ ಮನೆಯ ಹಲವು ಹೆಂಡತಿಯರಲ್ಲಿ ಒಬ್ಬಳಾಗಿ ಬಾಳಲು ಒಪ್ಪದ ಹೆಂಗಸರಿಗೆ, ಮುದುಕನಿಗೆ ಕೊಡಲ್ಪಟ್ಟ ಹುಡುಗಿಯರಿಗೆ, ಗಂಡ ಸತ್ತ ಮೇಲೆ ಆಸ್ತಿಯಂತೆ ಬಂಧುವಿನ ಪಾಲಾಗಬೇಕಿದ್ದ ವಿಧವೆಯರಿಗೆ ಮಿಷನ್ ಓಡಿ ಸೇರಬಹುದಾದ ಸ್ಥಳವಾಯಿತು. ಮುಖಂಡರು ತಮ್ಮ ಹೆಂಡತಿಯರನ್ನು ಪಾದ್ರಿಗಳು ಕದ್ದರೆಂದು ಆಡಳಿತಕ್ಕೆ ದೂರು ಕೊಟ್ಟರು. ಫ್ರೆಂಚ್ ಅಧಿಕಾರಿಗಳಿಗೂ ಪಾದ್ರಿಗಳಿಗೂ ಈ ವಿಷಯದಲ್ಲಿ ಜಗಳಗಳಾದವು.

ಹೀಗೆ ಬಂದವರಿಗಾಗಿ, ಕ್ರೈಸ್ತ ಮದುವೆಗೆ ಸಿದ್ಧರಾಗಬೇಕಿದ್ದ ಹುಡುಗಿಯರಿಗಾಗಿ ಮಿಷನ್ನುಗಳಲ್ಲಿ 'ಸಿಕ್ಸಾ' ಎಂಬ ಮನೆಗಳಿದ್ದವು. ಸಿಸ್ಟರ್ ಎಂಬ ಇಂಗ್ಲಿಷ್ ಪದವೇ ಸ್ಥಳೀಯರ ಬಾಯಲ್ಲಿ ಸಿಕ್ಸಾ ಆಯಿತು ಎನ್ನುತ್ತಾರೆ. ಅಲ್ಲಿ ತಿಂಗಳುಗಟ್ಟಲೆ ಇದ್ದು ಧರ್ಮೋಪದೇಶ ಕಲಿಯಬೇಕು. ಜೊತೆಗೆ ಮಿಷನ್ನಿನ ಹೊಲದಲ್ಲಿ ದುಡಿಯಬೇಕು, ಇಟ್ಟಿಗೆ ಹೊರಬೇಕು, ಹುಲ್ಲು ಕೀಳಬೇಕು. ಯಜಮಾನನ ಹೊಲದಿಂದ ತಪ್ಪಿಸಿಕೊಂಡು ಬಂದವಳು ಪಾದ್ರಿಯ ಹೊಲಕ್ಕೆ ಬಂದಿದ್ದಳು.

ಇದನ್ನು ಜಗತ್ತಿನ ಮುಂದಿಟ್ಟವರು ಹೊರಗಿನ ಟೀಕಾಕಾರರಲ್ಲ. ಮ್ಬಲ್ಮಾಯೊ ಬಳಿ 1932ರಲ್ಲಿ ಹುಟ್ಟಿ, ಮಿಷನ್ ಶಾಲೆಯಲ್ಲೇ ಓದಿದ ಅಲೆಕ್ಸಾಂದ್ರ್ ಬಿಯಿದಿ ಎಂಬ ಯುವಕ, ಮೊಂಗೊ ಬೇತಿ, ಅಂದರೆ 'ಬೇತಿಗಳ ಮಗ' ಎಂಬ ಹೆಸರಿನಲ್ಲಿ 1956ರಲ್ಲಿ ಪ್ರಕಟಿಸಿದ 'ಬೊಂಬಾದ ಬಡ ಕ್ರಿಸ್ತ' ಎಂಬ ಫ್ರೆಂಚ್ ಕಾದಂಬರಿಯ ಕೇಂದ್ರದಲ್ಲಿರುವುದು ಈ ಸಿಕ್ಸಾ. ಕಾದಂಬರಿಯ ಪಾದ್ರಿ ಕೆಟ್ಟವನಲ್ಲ. ಇಪ್ಪತ್ತು ವರ್ಷ ದುಡಿದ ಮೇಲೆ ಜನ ತನ್ನಿಂದ ಬಯಸಿದ್ದೇನು, ತಾನು ಕೊಟ್ಟದ್ದೇನು ಎಂದು ಕೇಳಿಕೊಳ್ಳುವ ಹಂತಕ್ಕೆ ಬಂದು ಊರು ಬಿಟ್ಟು ಹೋಗುತ್ತಾನೆ.

ಇನ್ನೊಂದು ನಷ್ಟ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಮೆವುಂಗು ನಿಂತಿತು. ಊರಿಗೆ ಕೇಡು ಬಂದಾಗ ಗಂಡಸರು ಹೆಂಗಸರ ಮುಂದೆ ಬಂದು ಬೇಡಿಕೊಳ್ಳಬೇಕಾದ ಸಂದರ್ಭ ಇಲ್ಲವಾಯಿತು. ಹೊಸ ಧರ್ಮದಲ್ಲಿ ಪೀಠದ ಬಳಿ ನಿಲ್ಲುವವರು ಗಂಡಸರು ಮಾತ್ರ. ಹೆಂಗಸರು ಒಬ್ಬನ ಏಕೈಕ ಹೆಂಡತಿಯಾಗುವ ಗೌರವ ಪಡೆದರು; ಊರಿನ ಪರವಾಗಿ ವಿಧಿ ನಡೆಸುವ ಅಧಿಕಾರ ಕಳೆದುಕೊಂಡರು. ಇವೆರಡನ್ನೂ ಜೊತೆಯಾಗಿಟ್ಟು ನೋಡದ ಚರಿತ್ರೆ ಅರ್ಧ ಚರಿತ್ರೆ.

ಮನೆಯೊಳಗಿನ ಚರ್ಚೆ

1935ರ ಡಿಸೆಂಬರ್ 8ರಂದು ಕ್ಯಾಮರೂನಿನ ಮೊದಲ ಎಂಟು ಮಂದಿ ಸ್ಥಳೀಯರು ಪಾದ್ರಿಗಳಾಗಿ ದೀಕ್ಷೆ ಪಡೆದರು. ಅವರಲ್ಲಿ ಒಬ್ಬರು ಸೈಮನ್ ಮ್ಪೆಕೆ, ಸನಾಗಾ ನದಿಯ ಕೆಳಭಾಗದ ಎದೆಯಾ ಪ್ರದೇಶದವರು. 1959ರಲ್ಲಿ ಅವರು ಉತ್ತರ ಕ್ಯಾಮರೂನಿನ ತೊಕೊಂಬೆರೆಗೆ ಹೋದರು. ಅಲ್ಲಿನ ಗುಡ್ಡಗಾಡು ಜನ ಶತಮಾನಗಳಿಂದ ಗುಲಾಮರ ಬೇಟೆಗಾರರಿಗೆ ಹೆದರಿ ಕಲ್ಲುಬಂಡೆಗಳ ನಡುವೆ ಬದುಕಿದವರು. ಅವರನ್ನು ನೆರೆಯ ಮುಸ್ಲಿಮರು 'ಕಿರ್ದಿ' ಎಂದು ಕೀಳಾಗಿ ಕರೆಯುತ್ತಿದ್ದರು. ಬರಿಗಾಲಿನಲ್ಲಿ ಊರೂರು ತಿರುಗುತ್ತ, ಶಾಲೆ, ಚಿಕಿತ್ಸಾಲಯ ನಡೆಸುತ್ತ ಅವರು 'ಬಾಬಾ ಸಿಮೋನ್' ಎನಿಸಿಕೊಂಡರು. ಗುಡ್ಡಗಾಡಿನ ಹಿರಿಯರು ಬಲಿ ಅರ್ಪಿಸುವಾಗ ಮಾಡುವ ಪ್ರಾರ್ಥನೆಯೂ ಒಬ್ಬನೇ ದೇವರಿಗೆ ಸಲ್ಲುವಂಥದ್ದು ಎಂದು ನಂಬಿ ಅವರೊಡನೆ ಸ್ನೇಹದಿಂದಿದ್ದರು. 1975ರಲ್ಲಿ ತೀರಿಕೊಂಡರು. ಅವರ ತಂದೆತಾಯಿಗಳ ಪ್ರಾರ್ಥನೆಯನ್ನು ಅಜ್ಞಾನವೆಂದು ತಿಳಿದ ಸಭೆಯೇ ಬೆಳೆಸಿದ ಮಗ, ಇನ್ನೊಬ್ಬರ ಪೂರ್ವಜರ ಧರ್ಮಕ್ಕೆ ಹೀಗೆ ಗೌರವ ಕೊಟ್ಟ.

1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಬಾಗಿಲು ಇನ್ನಷ್ಟು ತೆರೆಯಿತು. ಯವೂಂಡೆಯ ಎನ್ಜೋನ್ ಮೆಲೆನ್ ಎಂಬಲ್ಲಿ ಪಾದ್ರಿ, ಸಂಗೀತಗಾರ ಪೀ ಕ್ಲೋದ್ ಎನ್ಗುಮು, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಬಾಲಫೋನ್, ಡೋಲು, ಕುಣಿತಗಳನ್ನು ಪೂಜೆಯೊಳಗೆ ತಂದರು. ಮಹಾಧರ್ಮಾಧ್ಯಕ್ಷ ಜಾಂ ಜೋವಾ ಅವರ ಬೆಂಬಲ ಇದಕ್ಕಿತ್ತು. ಒಂದು ಕಾಲದಲ್ಲಿ ಸೈತಾನನ ವಾದ್ಯವೆನಿಸಿಕೊಂಡದ್ದು ದೇವರ ಸ್ತುತಿಯ ವಾದ್ಯವಾಯಿತು.

ಹಾಡು, ಕುಣಿತ ಬಂದರೆ ಸಾಕೇ ಎಂದು ಕೇಳಿದವರೂ ಇದ್ದರು. ಜಾಂ ಮಾರ್ಕ್ ಎಲಾ 1970ರ ದಶಕದ ಆರಂಭದಲ್ಲಿ ತಾವೂ ತೊಕೊಂಬೆರೆಗೆ ಹೋಗಿ ರೈತರ ನಡುವೆ ಬಾಳಿದ ಪಾದ್ರಿ, ಸಮಾಜಶಾಸ್ತ್ರಜ್ಞ. ಆಫ್ರಿಕದವನಿಗೆ ಸತ್ತ ಹಿರಿಯರು ಕುಟುಂಬದ ಸದಸ್ಯರು, ಅವರನ್ನು ಮನೆಯಿಂದ ಹೊರಹಾಕಿ ಎಂದು ಸಭೆ ಹೇಳಲಾಗದು ಎಂದು ಅವರು ವಾದಿಸಿದರು. ಅದರ ಜೊತೆಗೆ, ಹಸಿದವನಿಗೆ ಉಗ್ರಾಣದ ಪ್ರಶ್ನೆಯೇ ದೇವರ ಪ್ರಶ್ನೆ, ಡೋಲು ತಂದು ಕೈತೊಳೆದುಕೊಳ್ಳಬೇಡಿ ಎಂಬುದೂ ಅವರ ವಾದವಾಗಿತ್ತು. ಕ್ಯಾಮರೂನಿನ ಇತಿಹಾಸವನ್ನು ಬರೆದ ಯೇಸುಸಭೆಯ ಪಾದ್ರಿ ಎಂಗೆಲ್ಬರ್ಟ್ ಮ್ವೆಂಗ್ 1995ರ ಏಪ್ರಿಲಿನಲ್ಲಿ ಯವೂಂಡೆಯ ತಮ್ಮ ಮನೆಯಲ್ಲಿ ಕೊಲೆಯಾದರು. ಆ ಬಗ್ಗೆ ಬಾಯಿಬಿಟ್ಟು ಪ್ರಶ್ನಿಸಿದ ಎಲಾ ಜೀವಭಯದಿಂದ ಕೆನಡಾಕ್ಕೆ ಹೋಗಿ 2008ರಲ್ಲಿ ಅಲ್ಲೇ ತೀರಿಕೊಂಡರು.

ಉತ್ತರ ಸಿಗದ ಪ್ರಶ್ನೆ

ಎವುವಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಹಿಂದೆ ಎವುವಿನ ಹಾವಳಿ ಹೆಚ್ಚಿದರೆ ಅದನ್ನು ಹದ್ದಿನಲ್ಲಿಡಲು ಸೋ, ಮೆವುಂಗು ಮೊದಲಾದ ವಿಧಿಗಳಿದ್ದವು. ಅವು ಹೋದವು, ಭಯ ಹೋಗಲಿಲ್ಲ. ಮಿಷನ್ ಮೊದಲು ಅದನ್ನು ಮೂಢನಂಬಿಕೆ ಎಂದಿತು, ಆಮೇಲೆ ಸೈತಾನನ ಕೆಲಸ ಎಂದಿತು. ಎರಡೂ ಉತ್ತರಗಳು ರಾತ್ರಿ ನಿದ್ದೆ ಬಾರದವನಿಗೆ ನೆರವಾಗಲಿಲ್ಲ. ಯೇಸುಸಭೆಯ ಇನ್ನೊಬ್ಬ ಪಾದ್ರಿ, ತತ್ತ್ವಶಾಸ್ತ್ರಜ್ಞ ಮೈನ್ರಾಡ್ ಹೆಬ್ಗಾ ಈ ಭಯವನ್ನು ನಗೆಯಾಡದೆ ಗಂಭೀರವಾಗಿ ತೆಗೆದುಕೊಂಡು, ರೋಗಿಗಳಿಗಾಗಿ ಪ್ರಾರ್ಥಿಸುವ ಕೂಟಗಳನ್ನು ನಡೆಸಿದರು. ಅಲ್ಲಿಗೆ ಜನ ಕಿಕ್ಕಿರಿದು ಬಂದರು.

ಇದರ ಕತ್ತಲ ಮುಖವೂ ಇದೆ. ಕ್ಯಾಮರೂನಿನ ದಂಡಸಂಹಿತೆಯ 251ನೆಯ ಕಲಂ ಮಾಟವನ್ನು ಶಿಕ್ಷಾರ್ಹ ಅಪರಾಧವೆನ್ನುತ್ತದೆ. 1980ರ ದಶಕದಲ್ಲಿ ದೇಶದ ಪೂರ್ವ ಭಾಗದ ನ್ಯಾಯಾಲಯಗಳು ನಾಟಿ ವೈದ್ಯರ ಸಾಕ್ಷ್ಯದ ಮೇಲೆ ಜನರನ್ನು ಜೈಲಿಗೆ ಕಳುಹಿಸಿದ್ದನ್ನು ಡಚ್ ವಿದ್ವಾಂಸ ಪೀಟರ್ ಗೆಶಿಯೆರೆ ದಾಖಲಿಸಿದ್ದಾರೆ.

ಸೋ ವಿಧಿಯಲ್ಲಿ ತಪ್ಪಿತಸ್ಥನೂ ಊರೂ ಒಟ್ಟಿಗೆ ಉಂಡು ಶುದ್ಧರಾಗುತ್ತಿದ್ದರು. ಜೈಲಿನಲ್ಲಿ ಅಂಥ ಊಟವಿಲ್ಲ. ಹಳೆಯ ಧರ್ಮವನ್ನು ಹೊಗಳುವುದಕ್ಕಾಗಿ ನಾವು ಈ ಮಾತು ಹೇಳುತ್ತಿಲ್ಲ. ಅದರಲ್ಲಿ ಕ್ರೌರ್ಯವಿತ್ತು, ಯಜಮಾನರ ಸ್ವಾರ್ಥವಿತ್ತು, ಸತ್ತ ಯಜಮಾನನ ಹೆಂಡತಿಯರ ಮೇಲೆ ಅವನನ್ನು ಕೊಂದ ಆರೋಪ ಹೊರಿಸುವ ಅನ್ಯಾಯವಿತ್ತು. ಆದರೆ ಒಂದು ಧರ್ಮ ಮಾಡುತ್ತಿದ್ದ ಕೆಲಸವನ್ನು ಅರಿಯದೆ ಅದನ್ನು ಕಿತ್ತುಹಾಕಿದರೆ ಆ ಕೆಲಸ ಅನಾಥವಾಗುತ್ತದೆ. ಅದನ್ನು ಆಮೇಲೆ ಯಾರು ಎತ್ತಿಕೊಳ್ಳುತ್ತಾರೆ ಎಂಬುದು ಕಿತ್ತವರ ಕೈಯಲ್ಲಿರುವುದಿಲ್ಲ.

ಇಂದು ಸನಾಗಾ ತೀರದ ಮನುಷ್ಯನೊಬ್ಬ ಭಾನುವಾರ ಪೂಜೆಗೆ ಹೋಗುತ್ತಾನೆ, ಮಗುವಿಗೆ ಜ್ಞಾನಸ್ನಾನ ಮಾಡಿಸುತ್ತಾನೆ. ಮನೆಯಲ್ಲಿ ಸಾವಿನ ಮೇಲೆ ಸಾವು ಬಂದರೆ ಕುಲದ ಹಿರಿಯರನ್ನು ಕೂಡಿಸಿ ಯಾರ ತಪ್ಪು ಎಂದು ವಿಚಾರಿಸುತ್ತಾನೆ. ಅವನನ್ನು ಅರೆಬರೆ ಕ್ರೈಸ್ತ ಎನ್ನುವುದು ಸುಲಭ. ಆದರೆ ಅವನ ಅಜ್ಜ ಮ್ವೋಲ್ಯೆ ಗುಡ್ಡ ಹತ್ತಿದ್ದೇ ತನ್ನ ಪ್ರಶ್ನೆಗಳನ್ನು ಹೊತ್ತುಕೊಂಡು. ಆ ಪ್ರಶ್ನೆಗಳಲ್ಲಿ ಕೆಲವಕ್ಕೆ ಅಲ್ಲಿ ಉತ್ತರ ಸಿಕ್ಕಿತು, ಕೆಲವಕ್ಕೆ ಸಿಗಲಿಲ್ಲ. ಸಿಗದವನ್ನು ಮೊಮ್ಮಗ ಇನ್ನೂ ಕೇಳುತ್ತಿದ್ದಾನೆ.

ಮತಾಂತರದ ಬಗ್ಗೆ ತೀರ್ಪು ಕೊಡಲು ಅವಸರಪಡುವ ಎಲ್ಲರೂ ಮೊದಲು ಈ ಮೊಮ್ಮಗನ ಮಾತು ಕೇಳಬೇಕು. ಅವನು ಯಾರ ಸೋಲಿನ ಗುರುತೂ ಅಲ್ಲ, ಯಾರ ಗೆಲುವಿನ ಗುರುತೂ ಅಲ್ಲ. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಹೋದರು ಎಂಬ ಎಣಿಕೆ ಅಧಿಕಾರ ನಡೆಸುವವರಿಗೆ ಬೇಕು. ಧರ್ಮದ ಚರಿತ್ರೆ ಬರೆಯುವವರು ಕೇಳಬೇಕಾದದ್ದು, ಬಂದವನ ಹೊರೆ ಇಳಿಯಿತೇ ಎಂದು.